ನೆರಳಿಗೆ ಬಂದ ಗಡಿಕಲ್ಲು

12 ಸೆಪ್ಟೆಂಬರ್ 1983, ಸೋಮವಾರ
ರಾಯಚೂರು

ಈ ದಿನಚರಿ ಪುಸ್ತಕವನ್ನು ಜನವರಿಯಲ್ಲಿ ಮಾನ್ವಿಯ ನನ್ನ ಭಾವಮೈದುನ ಕೊಟ್ಟಿದ್ದ. ರಟ್ಟಿನ ಮೇಲೆ ಅವನ ಅಕ್ಕಿ ಗಿರಣಿಯ ಹೆಸರು, ಒಳಗೆ ಶಿವಪಾರ್ವತಿಯರ ಚಿತ್ರ. ಎಂಟು ತಿಂಗಳು ಖಾಲಿ ಬಿದ್ದಿತ್ತು. ನನ್ನ ಜೀವನದಲ್ಲಿ ಬರೆದಿಡುವಂಥದ್ದು ಏನೂ ನಡೆಯುವುದಿಲ್ಲ, ನಡೆಯಲೂಬಾರದು. ನಡೆದರೆ ಮೆಮೊ ಬರುತ್ತದೆ. ಇವತ್ತು ನಡೆಯಿತು.

ನಮ್ಮ ಕಚೇರಿಯ ದೊಡ್ಡ ಸಾಹೇಬರು ಕರೆಸಿದರು. ಚಂದ್ರಬಂಡದಿಂದ ಮೂರು ಮೈಲಿ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡು ಗಡೆಮ್ಮನ ಗುಡ್ಡ ಅಂತ ಒಂದಿದೆ. ಅದರ ಸುತ್ತ ತಂತಿಬೇಲಿ ಹಾಕಿ ಉದ್ಯಾನ ಮಾಡಿದ್ದಾರೆ. ರಾಜ್ಯೋತ್ಸವದ ದಿನ ಮಂತ್ರಿಗಳು ಬಂದು ಉದ್ಘಾಟಿಸುತ್ತಾರೆ. ಅಲ್ಲಿ ಒಂದು ದೊಡ್ಡ ಬೋರ್ಡು ಬೇಕು. ನೋಡಲು ಬಂದವರು ಓದಿ ತಿಳಿಯುವಂತೆ ಗುಡ್ಡದ ಇತಿಹಾಸ, ಪ್ರಾಣಿ ಪಕ್ಷಿ, ಗಿಡ ಮರ ಎಲ್ಲವೂ ಅದರಲ್ಲಿರಬೇಕು. ಕಚೇರಿಯಲ್ಲಿ ಒಳ್ಳೆಯ ಕನ್ನಡ ಬರೆಯುವವರು ಯಾರೆಂದು ಕೇಳಿದಾಗ ಎಲ್ಲರೂ ವಿರೂಪಣ್ಣ ಅಂದರಂತೆ. ಅನ್ನದೆ ಏನು? ಸಂಬಳ ಹೆಚ್ಚಿಸುವಾಗ ಯಾರಿಗೂ ನೆನಪಾಗದ ಹೆಸರು, ಕೆಲಸ ಬಂದಾಗ ಎಲ್ಲರ ನಾಲಿಗೆಯ ತುದಿಯಲ್ಲೇ ಇರುತ್ತದೆ.

ಸಾಹೇಬರು ಮೂರು ಮಾತು ಹೇಳಿದರು. ಒಬ್ಬ ರಾಜನಾದರೂ ಅಲ್ಲಿಗೆ ಬಂದಿರಬೇಕು. ಒಂದಾದರೂ ಭಯಂಕರ ಪ್ರಾಣಿ ಇರಬೇಕು. ಗಡಿಕಲ್ಲಿನ ಪಕ್ಕ ಹಳದಿ ಗೆರೆ ಹೊಡೆಸಬೇಕು, ಬಂದವರು ಒಂದು ಕಾಲು ಕರ್ನಾಟಕದಲ್ಲಿ, ಇನ್ನೊಂದು ಆಂಧ್ರದಲ್ಲಿ ಇಟ್ಟು ಫೋಟೊ ತೆಗೆಸಿಕೊಳ್ಳಬೇಕು. ಈ ಮೂರನೆಯದು ಅವರದೇ ತಲೆಯಲ್ಲಿ ಹುಟ್ಟಿದ್ದು. ಹೇಳುವಾಗ ಕುರ್ಚಿಯಿಂದ ಎದ್ದು ಕಾಲು ಅಗಲಿಸಿ ತೋರಿಸಿದರು. ಬೋರ್ಡಿನಲ್ಲಿ ಏನಾದರೂ ಎಡವಟ್ಟಾದರೆ ದೇವದುರ್ಗದಲ್ಲಿ ಒಂದು ಜಾಗ ಖಾಲಿ ಇದೆ ಎಂದೂ ನಗುತ್ತಲೇ ಹೇಳಿದರು. ನಾನು ನಗಲಿಲ್ಲ. ಹಿಂದೆ ನಾಲ್ಕು ವರ್ಷ ದೇವದುರ್ಗದಲ್ಲಿ ಖಾನಾವಳಿ ಊಟ ಮಾಡಿ, ಪ್ರತಿ ಶನಿವಾರ ಬಸ್ಸಿನಲ್ಲಿ ಕುಲುಕುತ್ತ ಮನೆಗೆ ಬಂದವನು ನಾನು. ಇನ್ನೊಮ್ಮೆ ಆ ಬಸ್ಸನ್ನು ನನ್ನ ಸೊಂಟ ತಾಳದು.

ಒಂದು ಮಾತನ್ನು ಇಲ್ಲಿಯೇ ಬರೆದಿಡುತ್ತೇನೆ. ದಾಖಲೆ ಇಲ್ಲದ್ದನ್ನು ವಿರೂಪಣ್ಣ ಬರೆಯುವವನಲ್ಲ. ರೇಷನ್ ಕಾರ್ಡಿನ ಮೇಜಿನಲ್ಲಿ ಹದಿನಾಲ್ಕು ವರ್ಷದಿಂದ ಕೂತಿದ್ದೇನೆ. ದಾಖಲೆ ಇಲ್ಲದೆ ನನ್ನಿಂದ ಒಂದು ಕಾರ್ಡು ಹೊರಗೆ ಹೋಗಿಲ್ಲ. ವೀರಭದ್ರಮ್ಮ ಇದನ್ನು ಕೇಳಿ, ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತ ನಿಮ್ಮಂಥವರನ್ನು ನೋಡಿಯೇ ಹೇಳಿದ್ದು ಅಂದಳು. ಹೆಂಡತಿಗೆ ಆಡಳಿತ ತಿಳಿಯುವುದಿಲ್ಲ.

18 ಸೆಪ್ಟೆಂಬರ್, ಭಾನುವಾರ

ಗುಡ್ಡಕ್ಕೆ ಹೋಗಿ ಬಂದೆ. ಚಂದ್ರಬಂಡದವರೆಗೆ ಬಸ್ಸು, ಆಮೇಲೆ ನಡಿಗೆ. ಬಂಡೆ, ಜಾಲಿ, ಸೀತಾಫಲದ ಗಿಡ, ಮತ್ತೆ ಬಂಡೆ. ಬೇಲಿ ಮುಗಿಯುವಲ್ಲಿ ಒಂದು ಭಾರಿ ಬೇವಿನ ಮರ, ಅದರ ಕೆಳಗೆ ಎದೆಯೆತ್ತರದ ಗಡಿಕಲ್ಲು. ಕಲ್ಲಿಗೆ ಅರಿಶಿನ, ಕುಂಕುಮ, ಹಸಿರು ಬಳೆ, ಒಂದು ಸಣ್ಣ ಸೀರೆ. ಹಿಂಬದಿಯಲ್ಲಿ ನಿಜಾಮರ ಕಾಲದ ಉರ್ದು ಅಂಕಿ ಇನ್ನೂ ಕಾಣುತ್ತದೆ. ಆಗ ಅದು ಎರಡು ತಾಲ್ಲೂಕುಗಳ ನಡುವಿನ ಕಲ್ಲು, ಐವತ್ತಾರರಿಂದ ಎರಡು ರಾಜ್ಯಗಳ ನಡುವಿನ ಕಲ್ಲು. ಜನ ಅದನ್ನು ಗಡೆಮ್ಮ ಅನ್ನುತ್ತಾರೆ.

ಹತ್ತಿರ ಹೋದೆ, ಒಬ್ಬ ಮುದುಕಿ ಚಪ್ಪಲಿ ಬಿಡಲು ಹೇಳಿದಳು. ಸರ್ವೆ ಕಲ್ಲಿಗೆ ಚಪ್ಪಲಿ ಬಿಡಬೇಕೆಂದು ಯಾವ ನಿಯಮದಲ್ಲಿಯೂ ಇಲ್ಲ ಎಂದು ತಿಳಿಸಿ ಹೇಳಿದೆ, ಬಿಡಲಿಲ್ಲ. ಆಕೆ ಜಗಳಕ್ಕೆ ಬರಲಿಲ್ಲ. ಕಲ್ಲಿನ ಕಡೆ ತಿರುಗಿ, ಪ್ಯಾಟಿಯವ್ರು ಅದಾರವ್ವಾ, ಸಿಟ್ಟಾಗಬ್ಯಾಡ ಅಂತ ನನ್ನ ಪರವಾಗಿ ತಾನೇ ಕೈಮುಗಿದಳು.

ಹೆಸರು ಕರೆಮ್ಮ. ಐವತ್ತರ ಮೇಲಿರಬೇಕು. ಗಂಡ ಇಲ್ಲ. ಮಗ ಕನಕರಾಯ ಕುರಿ ಹೊಡೆದುಕೊಂಡು ಹೋಗಿದ್ದ. ಕಲ್ಲಿನಿಂದ ಪೂರ್ವಕ್ಕೆ ನೂರು ಹೆಜ್ಜೆಯಲ್ಲಿ ಇವರ ಕುರಿದೊಡ್ಡಿ ಮತ್ತು ಮನೆ. ನನ್ನನ್ನು ನೋಡಿ ನಕ್ಕು, ನಿಮ್ಮನ್ನ ನೋಡೀನ್ರಿ ಅಂದಳು. ಸರಕಾರಿ ನೌಕರನನ್ನು ಎಲ್ಲರೂ ನೋಡಿರುತ್ತಾರೆ.

ಗುಡ್ಡದ ಬಗ್ಗೆ ಕೇಳಿದೆ. ಯಾವ ರಾಜ ಇಲ್ಲಿಗೆ ಬಂದಿದ್ದ? ಆಕೆ ತಿರುಗಿ ನನ್ನನ್ನೇ ಕೇಳಿದಳು, ನೀರಿಲ್ಲದಲ್ಲಿ ರಾಜ ಯಾಕ ಬರತಾನ್ರಿ? ಬಂಡೆಯ ಮೇಲೆ ಎತ್ತಿನ ಚಿತ್ರಗಳಿವೆ. ಉದ್ದ ಕೊಂಬು, ಬೆನ್ನ ಮೇಲೆ ದೊಡ್ಡ ಇಣಿ. ಬರೆದವರು ಯಾರೆಂದರೆ, ನಮ್ಮ ಹಿರಿಯಾರು ದನ ಕಾಯಾಗ ಗೀಚ್ಯಾರ ಎಂದಳು. ಸಾವಿರಾರು ವರ್ಷದ ಹಿಂದಿನವು ಎಂದು ಬಲ್ಲವರು ಹೇಳುತ್ತಾರೆ ಅಂದೆ. ಹೂನ್ರಿ, ನಮ್ಮ ಹಿರಿಯಾರೇ ಅಂದಳು. ಇದಕ್ಕೆ ಏನು ಬರೆದುಕೊಳ್ಳುವುದು?

ಚಹಾ ಕೊಟ್ಟಳು. ಬೆಲ್ಲದ ಚಹಾ, ಮೇಲೆ ಆಡಿನ ಹಾಲು. ಅರ್ಧ ಕುಡಿದು ಉಳಿದದ್ದನ್ನು ಆಕೆ ಅತ್ತ ತಿರುಗಿದಾಗ ಗಿಡಕ್ಕೆ ಹಾಕಿದೆ. ಸಕ್ಕರೆ ಇಲ್ಲವೇ ಎಂದು ಕೇಳಬಾರದಿತ್ತು, ಕೇಳಿಬಿಟ್ಟೆ. ರೇಷನ್ ಕಾರ್ಡು ಇಲ್ಲವಂತೆ. ಈ ಕಡೆಯ ಕಚೇರಿಯವರು ನೀನು ಆಂಧ್ರದವಳು ಅನ್ನುತ್ತಾರೆ, ಆ ಕಡೆಯವರು ಕರ್ನಾಟಕದವಳು ಅನ್ನುತ್ತಾರೆ. ಸಕ್ಕರೆ, ಸೀಮೆಎಣ್ಣೆ ಎರಡಕ್ಕೂ ಕೈ ಚಾಚುವಂತಿಲ್ಲ. ಸರಿಯಾದ ದಾಖಲೆ ಹಚ್ಚಿ ಅರ್ಜಿ ಹಾಕಬೇಕು ಎಂದು ಬುದ್ಧಿ ಹೇಳಿ ಬಂದೆ.

19 ಸೆಪ್ಟೆಂಬರ್

ಕಾಲು ನೋವು. ವೀರಭದ್ರಮ್ಮ ಎಣ್ಣೆ ತಿಕ್ಕಿದಳು. ಚಪ್ಪಲಿ ಬಿಡದೆ ಹೋದದ್ದಕ್ಕೆ ಗಡೆಮ್ಮ ಕೊಟ್ಟದ್ದು ಎನ್ನುತ್ತಾಳೆ. ಆರು ಮೈಲಿ ನಡೆದದ್ದಕ್ಕೆ ಎಂದು ನಾನು ಹೇಳುತ್ತೇನೆ.

25 ಸೆಪ್ಟೆಂಬರ್, ಭಾನುವಾರ

ಇವತ್ತು ಪೇಂಟರ್ ಗುಲಾಮ್ ದಸ್ತಗೀರನನ್ನು ಕರೆದುಕೊಂಡು ಹೋಗಿದ್ದೆ. ರಾಯಚೂರಿನ ಅರ್ಧ ಅಂಗಡಿಗಳ ಬೋರ್ಡು, ಎಲ್ಲ ಲಾರಿಗಳ ಹಿಂಬದಿಯ ನವಿಲು ಇವನದೇ. ದಾರಿಯುದ್ದಕ್ಕೂ ಬೋರ್ಡಿಗೂ ಒಂದು ನವಿಲು ಬರೆಯುವುದಾಗಿ ಹೇಳುತ್ತಿದ್ದ. ಗುಡ್ಡದಲ್ಲಿ ನಿಜವಾದ ನವಿಲನ್ನು ನೋಡಿ ಸ್ವಲ್ಪ ಹೊತ್ತು ಮಂಕಾದ. ಆಮೇಲೆ, ಬಣ್ಣ ಕಡಿಮಿ ಅದ ಸಾಬ್ ಅಂದ.

ಭಯಂಕರ ಪ್ರಾಣಿಯ ವಿಷಯ ಬಗೆಹರಿಯಿತು. ತೋಳ ಇದೆ. ವರ್ಷಕ್ಕೆ ಒಂದು ಮರಿ ಹೊತ್ತೊಯ್ಯುತ್ತದೆ. ಕರೆಮ್ಮನಿಗೆ ಅದರ ಮೇಲೆ ಸಿಟ್ಟಿಲ್ಲ, ಅದು ಅದರ ಪಾಲು ಅನ್ನುತ್ತಾಳೆ. ಎರಡು ಒಯ್ದ ವರ್ಷ ಮಾತ್ರ ಇಡೀ ದಿನ ಬಂಡೆಯ ಮೇಲೆ ನಿಂತು ಬೈದಿದ್ದಳಂತೆ.

ಹಳದಿ ಗೆರೆಗೆ ದಸ್ತಗೀರ ಕಲ್ಲಿನ ಬುಡದಿಂದ ದಾರ ಹಿಡಿದಾಗ ಕರೆಮ್ಮ ಒಂದು ಮಾತು ಹೇಳಿದಳು. ನಾನು ಕೇಳಿರಲೇ ಇಲ್ಲ, ತಾನಾಗಿಯೇ ಹೇಳಿದಳು. ಆಕೆ ಹೇಳಿದಂತೆಯೇ ಬರೆದಿಡುತ್ತೇನೆ.

“ಆಕಿ ಮೊದಲ ಇಲ್ಲಿ ಇದ್ದಿಲ್ರಿ. ಅಕಾ, ಆ ಬೋಳುಬಂಡಿ ಮ್ಯಾಲ ಇದ್ಲು. ನಮ್ಮ ಮಾವ ಮಾಳಿಂಗಪ್ಪನ ಕನಸಿನಾಗ ಬಂದು, ಮೈ ಸುಡಾಕತ್ತದ, ನೆರಳಿಗೆ ಕರಕೊಂಡು ನಡಿ ಅಂದ್ಲಂತ. ಆರು ಮಂದಿ ಹೊತ್ತುಕೊಂಡು ಬಂದು ಈ ಬೇವಿನ ಬುಡಕ್ಕ ಕುಂದರಿಸಿದ್ರು. ನಾ ಆಗ ಹೊಸಾ ಸೊಸಿ. ಆರತಿ ನಾನ ಹಿಡಿದಿದ್ದೆ.”

ಬೋಳುಬಂಡೆ ಇನ್ನೂರು ಹೆಜ್ಜೆ ಪೂರ್ವಕ್ಕಿದೆ. ಯಾವಾಗ ಎಂದು ಕೇಳಿದೆ. ರಾಜ್ಯ ಹಂಚುವ ಎರಡು ವರ್ಷ ಮೊದಲು. ದಸ್ತಗೀರ ದಾರ ಕೈಬಿಟ್ಟು ನನ್ನ ಮುಖ ನೋಡಿದ. ನಾನು ಬೇವಿನ ಮರ ನೋಡಿದೆ.

26 ಸೆಪ್ಟೆಂಬರ್, ಸೋಮವಾರ

ಬೆಳಿಗ್ಗೆ ರೆಕಾರ್ಡು ಕೋಣೆಗೆ ಹೋಗಿ ಹಳೆಯ ನಕಾಶೆ ತೆಗೆಸಿದೆ. ಧೂಳಿಗೆ ಹತ್ತು ಸಲ ಸೀನು ಬಂತು. ಕರೆಮ್ಮ ಹೇಳಿದ್ದು ನಿಜ. ಗಡಿ ಇರುವುದು ಬೋಳುಬಂಡೆಯ ಮೇಲೆ. ಬೇವಿನ ಮರ, ದೊಡ್ಡಿ, ಕರೆಮ್ಮನ ಮನೆ ಎಲ್ಲವೂ ಅದರಿಂದ ಪಶ್ಚಿಮಕ್ಕೆ, ಅಂದರೆ ಕರ್ನಾಟಕದಲ್ಲಿ. ಆಂಧ್ರದವರು ನಕಾಶೆ ನೋಡಿ ಆಕೆಯನ್ನು ಇತ್ತ ಕಳಿಸುತ್ತಿದ್ದಾರೆ. ಇತ್ತ ನಾವು ಕಲ್ಲು ನೋಡಿ ಅತ್ತ ಕಳಿಸುತ್ತಿದ್ದೇವೆ. ಮಾವ ದೇವಿಗೆ ನೆರಳು ಕೊಟ್ಟ, ಸೊಸೆಯ ತಲೆಯ ಮೇಲಿನ ರಾಜ್ಯ ಹೋಯಿತು. ನಗು ತಡೆಯಲಾಗಲಿಲ್ಲ, ರೆಕಾರ್ಡು ಕೋಣೆಯಲ್ಲಿ ಒಬ್ಬನೇ ನಕ್ಕೆ.

ಇಂಥ ಮುದುಕಿಯನ್ನು ಕಲ್ಲು ನೋಡಿ ಹೊರಗೆ ಕಳಿಸಿದ ಬುದ್ಧಿವಂತ ಯಾರಿರಬಹುದು ಎಂದು ಆಕೆಯ ಹಳೆಯ ಅರ್ಜಿಗಳ ಕಡತವನ್ನೂ ತೆಗೆಸಿದೆ. ನಾಲ್ಕು ಅರ್ಜಿಗಳಿವೆ. ಎಪ್ಪತ್ತೊಂದು, ಎಪ್ಪತ್ನಾಲ್ಕು, ಎಪ್ಪತ್ತೆಂಟು, ಎಂಬತ್ತೊಂದು. ನಾಲ್ಕರ ಕೆಳಗೂ ಒಂದೇ ಶರಾ. “ಸದರಿ ಅರ್ಜಿದಾರಳ ಮನೆಯು ಗಡಿಕಲ್ಲಿನಿಂದ ಪೂರ್ವಕ್ಕಿದ್ದು, ದಾಖಲೆ ಹಾಜರುಪಡಿಸದೇ ಇದ್ದುದರಿಂದ ಅರ್ಜಿಯನ್ನು ತಿರಸ್ಕರಿಸಿದೆ.” ಅಕ್ಷರ ಮುತ್ತಿನಂತಿವೆ. ನನ್ನವೇ.

27 ಸೆಪ್ಟೆಂಬರ್

ಊಟ ಸೇರಲಿಲ್ಲ. ಬದನೆಕಾಯಿ ಸರಿ ಇರಲಿಲ್ಲ. ಯಾವಾಗಲೂ ಇದ್ದಂತೆಯೇ ಇದೆ ಎನ್ನುತ್ತಾಳೆ ವೀರಭದ್ರಮ್ಮ.

28 ಸೆಪ್ಟೆಂಬರ್

ಬದನೆಕಾಯಿಯೇ.

3 ಅಕ್ಟೋಬರ್, ಸೋಮವಾರ

ನಕಾಶೆ ಹಿಡಿದುಕೊಂಡು ಸಾಹೇಬರ ಬಳಿ ಹೋದೆ. ಹಳದಿ ಗೆರೆ ತಪ್ಪು ಜಾಗದಲ್ಲಿ ಬೀಳುತ್ತದೆ, ಬೋಳುಬಂಡೆಯ ಮೇಲೆ ಹೊಡೆಸೋಣ, ಆ ಮುದುಕಿಯ ಕಾರ್ಡಿನದೂ ಬಗೆಹರಿಯುತ್ತದೆ ಎಂದೆ. ಅವರು ನಕಾಶೆಯನ್ನು ಬೆರಳ ತುದಿಯಿಂದ ಮುಟ್ಟಿ, ಆಮೇಲೆ ಬೆರಳು ಒರೆಸಿಕೊಂಡರು. ಕೇಳಿದ್ದು ಒಂದೇ ಪ್ರಶ್ನೆ. ಆ ಬಂಡೆಯ ಮೇಲೆ ನೆರಳಿದೆಯೇ? ಇಲ್ಲ ಎಂದೆ. ಮಂತ್ರಿಗಳನ್ನು ರಾಯಚೂರಿನ ಬಿಸಿಲಿನಲ್ಲಿ ಬೋಳುಬಂಡೆಯ ಮೇಲೆ ನಿಲ್ಲಿಸಲು ಬರುವುದಿಲ್ಲ, ಗೆರೆ ಬೇವಿನ ಬುಡದಲ್ಲೇ ಇರಲಿ ಎಂದರು. ಗಡಿ ಅಳೆಸುವುದಾದರೆ ಎರಡೂ ಸರಕಾರಗಳಿಗೆ ಪತ್ರ ಹೋಗಬೇಕು, ಅದು ವರ್ಷಗಳ ಮಾತು. ನಕಾಶೆ ನಿಜಾಮರ ಕಾಲದ್ದು, ಕಲ್ಲು ಕಣ್ಣೆದುರು ಇದೆ, ಮರೆತುಬಿಡಿ ಎಂದರು.

ಅಂದರೆ ಮಾಳಿಂಗಪ್ಪನೂ ನಮ್ಮ ಸಾಹೇಬರೂ ಯೋಚಿಸಿದ್ದು ಒಂದೇ ರೀತಿ. ದೊಡ್ಡವರನ್ನು ಬಿಸಿಲಿನಲ್ಲಿ ನಿಲ್ಲಿಸಬಾರದು.

9 ಅಕ್ಟೋಬರ್, ಭಾನುವಾರ

ಸಾಹೇಬರಿಂದ ಆಗದಿದ್ದರೆ ದೇವಿಯಿಂದಲಾದರೂ ಆಗಲಿ ಎಂದು ಮತ್ತೆ ಗುಡ್ಡಕ್ಕೆ ಹೋದೆ. ಭಾನುವಾರ ಮನೆಯಲ್ಲಿ ಮಾಡುವುದೇನೂ ಇರಲಿಲ್ಲ, ಅದಕ್ಕೇ ಹೋದದ್ದು.

ಕರೆಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ. ಕಲ್ಲನ್ನು ಹೊತ್ತು ಮತ್ತೆ ಬಂಡೆಯ ಮೇಲಿಟ್ಟರೆ ನಿನ್ನ ಮನೆ ಕರ್ನಾಟಕಕ್ಕೆ ಬರುತ್ತದೆ, ಬಂದ ಮರುದಿನವೇ ಕಾರ್ಡು, ಸಕ್ಕರೆ, ಸೀಮೆಎಣ್ಣೆ. ಆರು ಜನ ಸಾಕು. ಆಕೆ ಒಮ್ಮೆ ಕಲ್ಲಿನ ಕಡೆ, ಒಮ್ಮೆ ಬಂಡೆಯ ಕಡೆ ನೋಡಿದಳು. ಲೆಕ್ಕ ಹಾಕುತ್ತಿದ್ದಾಳೆ ಅಂದುಕೊಂಡೆ.

“ಯಪ್ಪಾ, ಕಾರ್ಡ ಇಲ್ಲದ ನಾ ಮೂವತ್ತು ವರ್ಷ ಬದುಕೀನಿ. ಆಕಿನ್ನ ಬಿಸಿಲಾಗ ನಿಂದ್ರಿಸಿ ನಾ ಹ್ಯಾಂಗ ನೆರಳಾಗ ಕುಂತು ಸಕ್ರಿ ಚಾ ಕುಡೀಲಿ?”

ಕಡತದಲ್ಲಿನ ನಾಲ್ಕು ಶರಾ ನಾನೇ ಬರೆದದ್ದು ಎಂದು ಹೇಳಿಬಿಡಬೇಕು ಅನ್ನಿಸಿತು. ಆಕೆಯೇ ಹೇಳಿದಳು. ಗೊತ್ತದರಿ, ಕಿಟಕಿ ಬಾಜೂಕಿನ ಮೇಜು, ನಿಮ್ಮ ಅಕ್ಷರ ಭಾಳ ಚಂದ ಅದಾವಂತ, ಕಚೇರಿ ಕಟ್ಟಿ ಮ್ಯಾಲ ಅರ್ಜಿ ಬರಿಯಾಂವ ಹೇಳಿದ್ದ. ನನಗೆ ನಾಚಿಕೆಯಾಯಿತು. ಇದನ್ನು ಇಲ್ಲಿ ಬರೆಯಲು ತೊಂದರೆಯಿಲ್ಲ, ಯಾರೂ ಓದುವುದಿಲ್ಲ. ಬಹಳ ನಾಚಿಕೆಯಾಯಿತು.

ಚಹಾ ಕೊಟ್ಟಳು. ಪೂರ್ತಿ ಕುಡಿದೆ.

23 ಅಕ್ಟೋಬರ್, ಭಾನುವಾರ

ಬೋರ್ಡಿನ ಮಜಕೂರು ಮುಗಿಯಿತು. ಒಂಬತ್ತು ಸಲ ಬರೆದು ಹರಿದು, ಹತ್ತನೆಯದನ್ನು ಉಳಿಸಿದೆ. ಇದೂ ಕಳೆದುಹೋಗಬಾರದೆಂದು ಇಲ್ಲಿ ನಕಲು ಮಾಡಿಡುತ್ತೇನೆ.

“ಗಡೆಮ್ಮನ ಗುಡ್ಡದ ಗಡಿ ಉದ್ಯಾನಕ್ಕೆ ಸ್ವಾಗತ. ಈ ಬಂಡೆಗಳ ಮೇಲಿನ ಎತ್ತುಗಳನ್ನು ದನ ಕುರಿ ಕಾಯುವವರು ಬರೆದಿದ್ದಾರೆ. ಅವರ ಮಕ್ಕಳ ಮಕ್ಕಳು ಇನ್ನೂ ಇಲ್ಲಿಯೇ ಕುರಿ ಕಾಯುತ್ತಿದ್ದಾರೆ. ಯಾವ ರಾಜನೂ ಇಲ್ಲಿಗೆ ಬಂದಿಲ್ಲ, ನೀರಿರಲಿಲ್ಲ. ಇಲ್ಲಿ ನವಿಲು, ಗೌಜಲಹಕ್ಕಿ, ಉಡ, ಮುಳ್ಳುಹಂದಿ ಇವೆ. ತೋಳ ಇದೆ, ವರ್ಷಕ್ಕೊಂದು ಮರಿ ಅದರ ಪಾಲು. ಸೀತಾಫಲ ಬಲಿತು ಕಣ್ಣು ಬಿಟ್ಟ ಮೇಲೆ ಮಾತ್ರ ಕೀಳಿರಿ. ಗಡಿಕಲ್ಲು ಮೊದಲು ಪೂರ್ವದ ಬೋಳುಬಂಡೆಯ ಮೇಲಿತ್ತು. ಬಿಸಿಲು ತಾಳದೆ ಬೇವಿನ ನೆರಳಿಗೆ ಬಂದಿದೆ. ಗಡಿ ಮಾತ್ರ ಅಲ್ಲಿಯೇ ಇದೆ. ನಡುವಿನ ಕುರಿದೊಡ್ಡಿಯೂ ಕರೆಮ್ಮನ ಮನೆಯೂ ಕರ್ನಾಟಕ.”

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಕೊನೆಯಲ್ಲಿ ಉದ್ಘಾಟಕರ ಹೆಸರು, ತಾರೀಖು.

25 ಅಕ್ಟೋಬರ್

ಸಾಹೇಬರು ರುಜು ಹಾಕಿದರು. ಮಂತ್ರಿಗಳ ಹೆಸರನ್ನು ಮೂರು ಸಲ ಓದಿದರು, ಹಿಂದೆ ‘ಸನ್ಮಾನ್ಯ’ ಸೇರಿಸಿದರು. ಉಳಿದದ್ದನ್ನು ಓದಲಿಲ್ಲ. ನೀವು ಬರೆದದ್ದು ಅಂದ ಮೇಲೆ ನೋಡುವುದೇನಿದೆ ಎಂದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಇಂಥ ಹೊಗಳಿಕೆ ಕೇಳಿರಲಿಲ್ಲ. ಅದೂ ಇವತ್ತೇ ಕೇಳಬೇಕಾಯಿತು.

ದಸ್ತಗೀರ ಮಾತ್ರ ಪೂರ್ತಿ ಓದಿದ. ಓದಿ, ಕುಂಚ ಕಿವಿಗೆ ಸಿಕ್ಕಿಸಿಕೊಂಡು, ಸಾಹೇಬರಿಗೆ ಇದು ಗೊತ್ತೇ ಎಂದು ಕೇಳಿದ. ರುಜು ತೋರಿಸಿದೆ. ಲಾರಿ ಪೇಂಟಿನಾಗ ಬರಿತೀನಿ ಸಾಬ್, ಹತ್ತು ಮಳಿಗಾಲಕ್ಕೂ ಹೋಗಂಗಿಲ್ಲ ಅಂದ. ಕೇಳದಿದ್ದರೂ ಮೂಲೆಯಲ್ಲಿ ನವಿಲು ಬರೆದ. ಬಣ್ಣ ಜಾಸ್ತಿ ಇದೆ.

1 ನವೆಂಬರ್, ಮಂಗಳವಾರ

ಉದ್ಘಾಟನೆ ಆಯಿತು. ಮಂತ್ರಿಗಳು ಮೂರು ತಾಸು ತಡ. ಬೋರ್ಡಿನ ಮೇಲಿನ ಪರದೆ ಸರಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು, ಒಬ್ಬರೂ ಓದಲಿಲ್ಲ. ಅವರು ಬೇವಿನ ನೆರಳಿನಲ್ಲಿ ಹಳದಿ ಗೆರೆಯ ಆಚೀಚೆ ಕಾಲಿಟ್ಟು, ಈಗ ನನ್ನ ಎಡಗಾಲು ಕರ್ನಾಟಕದಲ್ಲಿ, ಬಲಗಾಲು ಆಂಧ್ರದಲ್ಲಿ ಅಂದರು. ಮತ್ತೆ ಚಪ್ಪಾಳೆ. ಎರಡು ಕಾಲೂ ಕರ್ನಾಟಕದಲ್ಲೇ ಇವೆ ಎಂದು ಆ ಗುಂಪಿನಲ್ಲಿ ಗೊತ್ತಿದ್ದವರು, ಮರೆತುಬಿಟ್ಟ ಸಾಹೇಬರನ್ನು ಬಿಟ್ಟರೆ, ಕರೆಮ್ಮ, ದಸ್ತಗೀರ, ನಾನು ಮೂವರೇ. ದಸ್ತಗೀರ ಕೆಮ್ಮಿದ. ನಾನು ಆಕಾಶ ನೋಡಿದೆ.

ಸ್ಟುಡಿಯೊದ ಖಾಜಾಮಿಯಾ ಫೋಟೊ ತೆಗೆದ. ಗೆರೆಯ ಮೇಲೆ ಮಂತ್ರಿಗಳು, ಪಕ್ಕದಲ್ಲಿ ಸಾಹೇಬರು, ಹಿಂದೆ ಬೋರ್ಡು. ತುದಿಯಲ್ಲಿ ಕರೆಮ್ಮನೂ ಬಂದಿರಬೇಕು. ಎಲ್ಲರೂ ಮಂತ್ರಿಗಳನ್ನು ನೋಡುತ್ತಿದ್ದರು, ಆಕೆ ಮಾತ್ರ ಗದ್ದಲದಲ್ಲಿ ಜಾರಿದ ಗಡೆಮ್ಮನ ಸೀರೆ ಸರಿಮಾಡುತ್ತಿದ್ದಳು.

14 ನವೆಂಬರ್

ಯಾರೂ ಓದುವುದಿಲ್ಲ ಎಂದು ನಂಬಿದ್ದು ತಪ್ಪಾಯಿತು. ಮಾಸ್ತರರು ಎಂಬ ಜಾತಿ ಇದೆ, ಅವರು ಓದುತ್ತಾರೆ. ಶಾಲೆಯ ಮಕ್ಕಳನ್ನು ಕರೆದೊಯ್ದ ಒಬ್ಬ ಮಾಸ್ತರರು ಬೋರ್ಡನ್ನು ಗಟ್ಟಿಯಾಗಿ ಓದಿಸಿ, ಗಡಿ ಅಲ್ಲಿದ್ದರೆ ಗೆರೆ ಇಲ್ಲೇಕೆ ಎಂದು ಸಾಹೇಬರಿಗೆ ಪತ್ರ ಬರೆದಿದ್ದಾರೆ. ಪ್ರತಿಯೊಂದು ಪದಕ್ಕೂ ಅಡಿಗೆರೆ.

ಸಾಹೇಬರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕೊನೆಯ ನಾಲ್ಕು ಸಾಲು ಅಳಿಸಲು ಹುಕುಂ ಕೊಟ್ಟು, ನನಗೆ ಮೆಮೊ ಕೊಟ್ಟರು. ಮೊದಲನೆಯ ಮೆಮೊ. ವೀರಭದ್ರಮ್ಮ ಅದನ್ನು ಎರಡು ಸಲ ಓದಿಸಿ ಕೇಳಿ, ಇವತ್ತು ಹೋಳಿಗೆ ಮಾಡುತ್ತೇನೆ ಅಂದಳು. ಯಾಕೆಂದು ಹೇಳಲಿಲ್ಲ.

20 ನವೆಂಬರ್, ಭಾನುವಾರ

ದಸ್ತಗೀರ ಹುಕುಮಿನ ಪ್ರಕಾರ ನಾಲ್ಕು ಸಾಲಿನ ಮೇಲೆ ಬಿಳಿ ಬಳಿದು ಬಂದ. ಏನು ಬಳಿದೆ ಎಂದು ಕೇಳಿದೆ. ಸುಣ್ಣ ಸಾಬ್, ಬಿಳಿ ಅಂದಿದ್ರು, ಯಾವ ಬಿಳಿ ಅಂತ ಬರೆದಿಲ್ಲ ಅಂದ. ಹುಕುಂ ತೆಗೆದು ನೋಡಿದೆ. ಬರೆದಿಲ್ಲ.

11 ಡಿಸೆಂಬರ್, ಭಾನುವಾರ

ಸುಮ್ಮನೆ ಹೋಗಿದ್ದೆ. ಕರೆಮ್ಮ ಪ್ರತಿ ಮಂಗಳವಾರ ದೂರದಿಂದ ಹೊತ್ತು ತಂದು ಗಡೆಮ್ಮನಿಗೆ ಕೊಡಗಟ್ಟಲೆ ನೀರು ಹಾಕಿ ಮೈ ತೊಳೆಯುತ್ತಾಳೆ. ಈಗ ಪಕ್ಕದ ಬೋರ್ಡಿಗೂ ಎರಡು ಕೊಡ ಹಾಕುತ್ತಿದ್ದಾಳಂತೆ, ಅವ್ವನ ಮಾತು ಅದರಾಗ ಅದ ಅಂತ. ಸುಣ್ಣ ತೊಳೆದು ಹೋಗಿದೆ. ನಾಲ್ಕು ಸಾಲು ಮೊದಲಿಗಿಂತ ಥಳಥಳ ಅನ್ನುತ್ತಿವೆ. ವರದಿ ಮಾಡಬೇಕಾದದ್ದು ನನ್ನ ಕರ್ತವ್ಯ. ಮರೆತುಹೋಯಿತು.

15 ಜನವರಿ 1984, ಭಾನುವಾರ
ಮಾನ್ವಿ

ಹಳೆಯ ಪುಸ್ತಕದಲ್ಲಿ ಕೊನೆಗೆ ಉಳಿದ ಹಾಳೆಗಳಲ್ಲೇ ಬರೆಯುತ್ತಿದ್ದೇನೆ. ಸಂಕ್ರಾಂತಿಗೆ ವೀರಭದ್ರಮ್ಮನ ತವರಿಗೆ ಬಂದಿದ್ದೇವೆ. ಭತ್ತ ಕೊಯ್ದಾಗಿದೆ. ಗದ್ದೆಗೆ ಗೊಬ್ಬರವಾಗಲೆಂದು ಭಾವಮೈದುನ ಕುರಿ ಹಿಂಡು ತಂಗಿಸಿದ್ದಾನೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಾಯಲ್ಲಿ ಇಟ್ಟಿದ್ದೆ, ಅಂಗಳದಲ್ಲಿ, ನಮ್ಮ ಸಾಹೇಬರು ಇಲ್ಲೇ ಅದಾರಂತಲ್ರಿ ಎಂಬ ದನಿ ಕೇಳಿಸಿತು. ಕರೆಮ್ಮ. ಗದ್ದೆಯಲ್ಲಿ ತಂಗಿದ ಕುರಿಗಳು ಅವರವೇ.

ಸೆರಗಿನ ಗಂಟು ಬಿಚ್ಚಿ ಒಂದು ಫೋಟೊ ತೆಗೆದಳು. ಖಾಜಾಮಿಯಾ ಕೊಟ್ಟದ್ದು, ಆಕೆಯೂ ಅದರಲ್ಲಿ ಬಂದಿದ್ದಾಳಲ್ಲ ಅಂತ. ಮಂತ್ರಿಗಳ ಹಿಂದೆ ಬೋರ್ಡಿನ ಒಂದೊಂದು ಅಕ್ಷರವೂ ಕಾಣುತ್ತದೆ.

“ನಾಕು ಸಲಾನೂ ದಾಖಲಿ ತಾ ಅಂದ್ರಿ. ಇದು ಆಗತದನ್ರಿ?”

ಇಡೀ ಮಾನ್ವಿಯ ಬೀಗರ ಬಳಗ ನನ್ನ ಮುಖ ನೋಡುತ್ತಿತ್ತು. ಸರಕಾರದ ಬೋರ್ಡು. ಸಾಹೇಬರ ರುಜು ಇರುವ ಮಜಕೂರು. ಸನ್ಮಾನ್ಯ ಮಂತ್ರಿಗಳಿಂದ ಉದ್ಘಾಟನೆ. ಹದಿನಾಲ್ಕು ವರ್ಷದಲ್ಲಿ ನನ್ನ ಮೇಜಿನ ಮೇಲೆ ಇದಕ್ಕಿಂತ ಗಟ್ಟಿ ದಾಖಲೆ ಬಂದಿಲ್ಲ. ರೊಟ್ಟಿ ನುಂಗಿ, ಆಗತದವ್ವ ಅಂದೆ.

18 ಜನವರಿ, ಬುಧವಾರ
ರಾಯಚೂರು

ಐದನೆಯ ಅರ್ಜಿಯ ಮೇಲೆ ಶರಾ ಬರೆದೆ. “ಸದರಿ ಅರ್ಜಿದಾರಳ ಮನೆಯು ಕರ್ನಾಟಕಕ್ಕೆ ಸೇರಿದ್ದು, ಈ ಬಗ್ಗೆ ಸರಕಾರಿ ಫಲಕದ ದಾಖಲೆ ಹಾಜರುಪಡಿಸಿದ್ದಾಳೆ. ಹಿಂದಿನ ನಾಲ್ಕು ಶರಾಗಳು ತಪ್ಪಾಗಿವೆ. ಅವನ್ನು ಬರೆದವನು ನಾನೇ.” ಕೊನೆಯ ವಾಕ್ಯದ ಅಗತ್ಯವಿರಲಿಲ್ಲ. ಆದರೂ ಬರೆದೆ.

ಸಾಹೇಬರು ಓದಿದರು. ಈ ಸಲ ಪೂರ್ತಿ ಓದಿದರು. ಆ ಸಾಲು ಅಳಿಸಿಯಾಗಿದೆ, ಈ ಬೋರ್ಡು ತಪ್ಪು ಎಂದರು. ತಪ್ಪೆಂದು ಬರೆದುಕೊಡಿ ಸರ್, ಮಂತ್ರಿಗಳು ಉದ್ಘಾಟಿಸಿದ್ದು ತಪ್ಪು ಬೋರ್ಡು ಎಂದು ಕಡತದಲ್ಲಿ ಹಚ್ಚುತ್ತೇನೆ ಅಂದೆ. ನಾನೇ ಅಂದೆ, ಈ ಬಾಯಿಂದಲೇ. ಅವರು ತಿರುಗಿ ತಮ್ಮ ಕುರ್ಚಿಯ ಹಿಂದಿನ ಗೋಡೆ ನೋಡಿದರು. ಅದೇ ಫೋಟೊವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಅವರೇ ಅಲ್ಲಿ ತೂಗುಹಾಕಿದ್ದಾರೆ. ನಾಲ್ಕು ಸಾಲೂ ಅಲ್ಲಿವೆ. ಎರಡೂವರೆ ತಿಂಗಳಿಂದ ಅವರ ತಲೆಯ ಹಿಂದೆಯೇ ಇವೆ.

“ವಿರೂಪಣ್ಣನವರೇ, ನೀವು ದೇವದುರ್ಗ ನೋಡಿ ಬಹಳ ದಿನವಾಯಿತಲ್ಲವೇ?” ಎಂದರು.

ಎರಡು ಕಾಗದಗಳಿಗೆ ಒಟ್ಟಿಗೆ ರುಜು ಹಾಕಿದರು. ಒಂದು ಕಾರ್ಡಿನದು, ಒಂದು ನನ್ನ ವರ್ಗಾವಣೆಯದು. ಒಂದೇ ಪೆನ್ನು.

20 ಜನವರಿ

ವೀರಭದ್ರಮ್ಮ ಟ್ರಂಕು ಇಳಿಸಿದ್ದಾಳೆ. ಈ ಸಲ ಖಾನಾವಳಿ ಬೇಡ, ನಾನೂ ಬರುತ್ತೇನೆ ಅನ್ನುತ್ತಾಳೆ. ರಾಯಚೂರಿನ ನಳ, ಅಕ್ಕಪಕ್ಕದವರು, ಸಿನಿಮಾ ಎಲ್ಲ ಬಿಟ್ಟು ಬರಲು ನಿನಗೇನು ಹುಚ್ಚೇ ಎಂದು ಕೇಳಿದೆ. ಮೊದಲು ಇಂಥ ಮನುಷ್ಯ ಇರಲಿಲ್ಲ, ಈಗ ಬಂದಿದ್ದಾನೆ, ಒಬ್ಬನನ್ನೇ ಹ್ಯಾಂಗ ಬಿಡಲಿ ಅಂದಳು. ಯಾರು ಬಂದಿದ್ದಾರೆ ಎಂದು ತಿಳಿಯಲಿಲ್ಲ. ಹೆಂಗಸರ ಮಾತು.

5 ಫೆಬ್ರವರಿ, ಭಾನುವಾರ

ನಾಳೆ ದೇವದುರ್ಗ. ಇವತ್ತು ಕಾರ್ಡು ಕೊಟ್ಟು ಬಂದೆ. ಅಂಚೆಯಲ್ಲಿ ಕಳಿಸಬಹುದಿತ್ತು. ಆದರೆ ವಿಳಾಸ ಹುಡುಕುತ್ತ ಬಂದ ಅಂಚೆಯವನು ಗಡಿಕಲ್ಲು ನೋಡಿ ವಾಪಸು ತಂದರೆ ಎಂದು ನಾನೇ ಹೋದೆ.

ಕರೆಮ್ಮ ಮಾನ್ವಿಯಿಂದ ಬಂದಿದ್ದಳು. ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ನಾ ಯಾವ ರಾಜ್ಯದಾಕಿ ಓದ್ರಿ ಅಂದಳು. ಓದಿದೆ. ಇನ್ನೊಮ್ಮೆ ಓದ್ರಿ ಅಂದಳು. ಓದಿದೆ. ಮೂರನೆಯ ಸಲ ಕೇಳದಿದ್ದರೂ ನಾನೇ ಓದಿದೆ. ಆಕೆ ಕಣ್ಣು ಒರೆಸಿಕೊಂಡು ಕಲ್ಲಿನ ಬಳಿ ಹೋಗಿ, ಕೇಳಿದೇನಬೇ, ನಿನ್ನ ನೆರಳೂ ಉಳೀತು, ನನ್ನ ಮನಿನೂ ಉಳೀತು ಅಂದಳು. ನಾನೂ ಪಕ್ಕದಲ್ಲಿ ಹೋಗಿ ನಿಂತಿದ್ದೆ. ಬಿಸಿಲು ಬಹಳ ಇತ್ತು, ನೆರಳು ಇದ್ದದ್ದು ಅಲ್ಲೇ.

ಮಗ ಕನಕರಾಯ ಆಗಲೇ ಕಾರ್ಡು ಹಿಡಿದು ಚಂದ್ರಬಂಡದ ನ್ಯಾಯಬೆಲೆ ಅಂಗಡಿಗೆ ಓಡಿಹೋಗಿ, ಎರಡು ತಾಸಿನಲ್ಲಿ ಸಕ್ಕರೆ ತಂದ. ಮೊದಲ ಚಿಟಿಕೆ ಗಡೆಮ್ಮನ ಬಾಯಿಗೆ, ಉಳಿದದ್ದು ಚಹಾಕ್ಕೆ. ನನ್ನ ಲೋಟಕ್ಕೆ ನಾಲ್ಕು ಚಮಚ ಹಾಕಿದಳು, ನಾಲ್ಕು ಅರ್ಜಿಗೆ ನಾಲ್ಕು ಎಂದು ನಕ್ಕಳು. ಪೂರ್ತಿ ಕುಡಿದೆ. ನಿಜ ಹೇಳಬೇಕೆಂದರೆ ಬೆಲ್ಲದ ಚಹಾವೇ ಚೆನ್ನಾಗಿತ್ತು. ಹೇಳಲಿಲ್ಲ.

ಚಂದ್ರಬಂಡದಲ್ಲಿ ಬಸ್ಸು ಹತ್ತುವಾಗ ಕಂಡಕ್ಟರ್ ಮುದುಕಪ್ಪ ನನ್ನ ಕಾಲು ನೋಡಿ, ಹರಕೆ ಏನಾರ ಹೊತ್ತೀರೇನ್ರಿ ಎಂದು ಕೇಳಿದ. ಬಗ್ಗಿ ನೋಡಿದೆ. ಬರಿಗಾಲು, ಹಿಮ್ಮಡಿಯಲ್ಲಿ ಎರಡು ಜಾಲಿ ಮುಳ್ಳು. ಮೂರು ಮೈಲಿ ಹಾಗೆಯೇ ನಡೆದು ಬಂದಿದ್ದೇನೆ.

ವೀರಭದ್ರಮ್ಮ ಮುಳ್ಳು ತೆಗೆಯುತ್ತ ಚಪ್ಪಲಿ ಎಲ್ಲಿ ಎಂದು ಕೇಳಿದಳು. ಗಡೆಮ್ಮನ ಮುಂದೆ ಬೇವಿನ ನೆರಳಿನಲ್ಲಿವೆ, ಅದು ಗೊತ್ತು. ಯಾವಾಗ ಬಿಟ್ಟೆ ಎಂಬುದೇ ನೆನಪಾಗುತ್ತಿಲ್ಲ.